ಕಡಲಿಲ್ಲದ ಕಾಲದ ಇಲಿಗಳು

ಅರೇಬಿಯಾ ಒಂದು ಕಾಲಕ್ಕೆ ಆಫ್ರಿಕಾದ್ದೇ ಭಾಗವಾಗಿತ್ತೆಂದು ನನಗೆ ಮೊದಲು ಹೇಳಿದವರು ಯಾವ ಪ್ರೊಫೆಸರೂ ಅಲ್ಲ, ಬಂಟ್ವಾಳದ ಹಮೀದ್ ಬ್ಯಾರಿ. ವೃತ್ತಿಯಲ್ಲಿ ಅಡುಗೆಯವರು.

ಅದು ತೊಂಬತ್ತರ ದಶಕದ ಶುರು. ಅರೇಬಿಯಾದ ಘಾಲಾ ಎಂಬ ಊರಲ್ಲಿ ನಾನು ಆಫೀಸು ಕೆಲಸಕ್ಕಿದ್ದ ಕಂಪನಿ ಅವರನ್ನು ಅದೇ ದೇಶದ ಧೋಫಾರ್ ಸೀಮೆಯಲ್ಲಿ ಪಳೆಯುಳಿಕೆ ಹುಡುಕುವವರ ಕ್ಯಾಂಪಿಗೆ ಅಡುಗೆಗೆಂದು ಕಳಿಸಿತ್ತು. ತಾಯಿಗೆ ಕಾಯಿಲೆ ತೀರಾ ಜೋರಾಗಿದೆ ಎಂದು ಊರಿಂದ ಸುದ್ದಿ ಬಂದಾಗ ಅವರು ಪಾಸ್‌ಪೋರ್ಟ್ ಕೇಳಲು ಆಫೀಸಿಗೆ ಬಂದರು. ಎಲ್ಲರ ಪಾಸ್‌ಪೋರ್ಟೂ ನನ್ನ ಹಿಂದಿನ ಕಪಾಟಿನಲ್ಲಿತ್ತು. ನಮ್ಮ ವೀಸಾಕ್ಕೆ ಜವಾಬ್ದಾರರಾದ ಅರಬ್ ಧಣಿ, ಅಂದರೆ ಕಫೀಲರ ಸಹಿಯಿಲ್ಲದೆ ಕೊಡುವ ಹಾಗಿರಲಿಲ್ಲ, ಕಫೀಲ್ ಬರುವುದು ಮುಂದಿನ ವಾರ.

ಮಾತು ಬದಲಿಸಲು, "ಕ್ಯಾಂಪಿನಲ್ಲಿ ಏನು ಸಿಕ್ಕಿತು ಬ್ಯಾರಿಗಳೇ?" ಎಂದು ಕೇಳಿದೆ.

"ಇಲಿ ಹಲ್ಲು, ಅಕ್ಕ. ಸಾಸಿವೆಯಷ್ಟು ಸಣ್ಣದು. ಅಕ್ಕಿಯಲ್ಲಿ ಕಲ್ಲು ಹೆಕ್ಕಿದ ಹಾಗೆ ನಾನೂ ಕೂತು ಹೆಕ್ಕಿದ್ದೇನೆ."

"ಇಲಿ ಹಲ್ಲಿಗೆ ವಿಮಾನ ಹತ್ತಿ ಬರ್ತಾರಾ ಮಾರಾಯ್ರೆ?"

"ನಗಬೇಡಿ. ಅಂಥದ್ದೇ ಹಲ್ಲು ಈಜಿಪ್ಟಿನಲ್ಲೂ ಉಂಟಂತೆ. ಆ ಇಲಿಗಳಿದ್ದದ್ದು ಕೋಟಿಗಟ್ಟಲೆ ವರ್ಷದ ಹಿಂದೆ, ಆಗ ನಡುವೆ ಕೆಂಪು ಸಮುದ್ರವೇ ಇರಲಿಲ್ಲವಂತೆ, ಅದೂ ಇದೂ ಒಂದೇ ನೆಲ." ನನ್ನ ಹಿಂದಿನ ಕಪಾಟಿನ ಕಡೆ ಕೈ ತೋರಿಸಿದರು. ಆಮೇಲೆ, "ಇಲಿಗೆ ಹೋಗಬೇಕು ಅಂತ ಕಂಡರೆ ಹೋಗ್ತಿತ್ತು ಅಕ್ಕ, ಅಷ್ಟೇ," ಎಂದರು.

ನಾನು ಎದ್ದು ಕಪಾಟಿನ ಬೀಗ ತೆಗೆದೆ.

ಅವರು ಮನೆ ಮುಟ್ಟಿದ ಮೂರನೇ ದಿನ ತಾಯಿ ತೀರಿಕೊಂಡರು, ಮಗನ ಕೈಯಿಂದ ನೀರು ಕುಡಿದು.

ಇಲಿಗಳ ಈ ಸಂಗತಿಯನ್ನು ನೀವೂ ನಾಲ್ಕು ಜನರಿಗೆ ಹೇಳಿ. ಬೀಗದ ವಿಷಯ ಮಾತ್ರ ನಿಮ್ಮಲ್ಲೇ ಇರಲಿ. ಆ ಕಫೀಲರು ಈಗಲೂ ಹಬ್ಬಕ್ಕೆ ನನಗೆ ಖರ್ಜೂರ ಕಳಿಸುತ್ತಾರೆ.