ಯಾರೂ ಬಳಸದ ಉತ್ತರ

ಆಲ್ದೂರಿನ ಹೊರಗೆ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ನಮ್ಮ ಪಲ್ಪರ್ ಶೆಡ್ಡಿನ ಅಟ್ಟದಲ್ಲಿ ಕೂತು, ನಾನೂ ನನ್ನ ಗೆಳೆಯನೂ ಒಂದು ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಗೆ, ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ತರ್ಜುಮೆ ಮಾಡುವ ಕಂಪೈಲರ್ ಬರೆಯುತ್ತಿದ್ದೆವು. ಅದರೊಳಗಿನ ಕತ್ತರಿಸುವ ಹಂತ, ಅಂದರೆ ಪಾಸ್, ಅವನದು. ಯಾವ ಲೆಕ್ಕದ ಉತ್ತರವನ್ನು ಮುಂದೆ ಯಾರೂ ಬಳಸುವುದಿಲ್ಲವೋ ಆ ಲೆಕ್ಕವನ್ನೇ ಅದು ಕಿತ್ತು ಬಿಸಾಡುತ್ತಿತ್ತು. ಉಪಯೋಗವಿಲ್ಲದ್ದು ಇರಲೇಬಾರದು ಎಂದು ಊಟದ ಹೊತ್ತಿಗೂ ನನ್ನ ತಲೆ ತಿನ್ನುತ್ತಿದ್ದ.

ಪರೀಕ್ಷೆಗೆಂದು ಪಲ್ಪರನ್ನೇ ನಮ್ಮ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನಿಂದ ಓಡಿಸಿದೆವು. ಮುಚ್ಚಳ ತೆರೆದರೆ ಮೋಟರ್ ನಿಲ್ಲಿಸುವ ಸಾಲನ್ನು ನಾನು ಬರೆದಿದ್ದೆ. ಒಂದು ದಿನ ಬೆಳಿಗ್ಗೆ ಅದರ ಡ್ರಮ್ಮಿನಲ್ಲಿ ಏನೋ ಸಿಕ್ಕಿಕೊಂಡಿತು. ಮುಚ್ಚಳ ಎತ್ತಿ ಕೈ ಹಾಕಿದೆ. ಮೋಟರ್ ನಿಲ್ಲಲಿಲ್ಲ.

ಹಣ್ಣು ಸುಲಿಯುವ ಡ್ರಮ್ಮು ನನ್ನ ಬಲಗೈಯ ತೋರುಬೆರಳನ್ನು ಸುಲಿಯಿತು. ಎಲುಬು ಮುರಿದ ಸದ್ದು ನನಗೇ ಕೇಳಿಸಿತು. ಅವನು ಅಟ್ಟದಿಂದ ಧುಮುಕಿ ಮೇನ್ ಸ್ವಿಚ್ ಎಳೆದ, ಕೈಗೆ ಟವಲ್ ಸುತ್ತಿದ, ನನ್ನನ್ನು ಜೀಪಿಗೆ ತುಂಬಿ ಚಿಕ್ಕಮಗಳೂರಿನ ಕಡೆ ಹೊರಟ.

"ನಿಲ್ಲಿಸೋ ಸಾಲು ಎಲ್ಲಿ ಹೋಯ್ತೋ?" ಎಂದು ಕಿರುಚಿದೆ.

"ಅದು ಯಾವ ಉತ್ತರಾನೂ ವಾಪಸ್ ಕೊಡ್ತಿರ್ಲಿಲ್ಲ ಮಾರಾಯ. ಪಾಸ್ ತೆಗ್ದಿರುತ್ತೆ."

"ಮೋಟರ್ ನಿಲ್ಲಿಸ್ತಿತ್ತಲ್ಲೋ! ಅದು ಸಾಲ್ದಾ?"

"ಹೊರಗಿನ ಕೆಲ್ಸ ಮಾಡುತ್ತೆ ಅಂತ ನೀನು ಆ ಸಾಲಿನ ಟೈಪ್‌ನಲ್ಲೇ, ಅದರ ಹಣೆಪಟ್ಟೀಲೇ ಹೇಳ್ಬೇಕಿತ್ತು. ಹೇಳ್ದೆ ಇದ್ರೆ ಅದಕ್ಕೆ ಹೇಗೆ ಗೊತ್ತಾಗ್ಬೇಕು? ಪಾಸ್ ಸರಿಯಾಗೇ ಇದೆ."

ಕೊಂದುಬಿಡುವಷ್ಟು ಸಿಟ್ಟು ಬಂತು. ಎಡಗೈ ಮುಷ್ಟಿ ಕಟ್ಟಿ ಅವನ ಮೂಗಿಗೆ ಗುದ್ದಿದೆ. ಜೀಪು ಚರಂಡಿಗಿಳಿದು ರಸ್ತೆಬದಿಯ ಮಣ್ಣಿನ ಧರೆಗೆ ಬಡಿಯಿತು. ಇನ್ನೊಮ್ಮೆ ಗುದ್ದಿದೆ. ತುಟಿ ಒಡೆಯಿತು. ಅವನು ತಿರುಗಿ ಹೊಡೆಯಲಿಲ್ಲ. ತೋಳಿನಿಂದ ರಕ್ತ ಒರೆಸಿಕೊಂಡು ರಿವರ್ಸ್ ಗೇರ್ ಹಾಕಿದ.

"ಎಷ್ಟು ಬೇಕಾದ್ರೂ ಹೊಡಿ. ಪಾಸ್ ಸರಿ ಇದೆ."

ಅವನ ಈ ಹಟ ನನಗೆ ಬೆರಳಿಗಿಂತ ಹೆಚ್ಚು ಉರಿಯುತ್ತಿತ್ತು. ಒಂದೇ ಒಂದು ಸಲ ತಪ್ಪಾಯ್ತು ಅನ್ನಬಾರದೇ? ಆಸ್ಪತ್ರೆ ಬರುವ ತನಕ ಬಾಯಿಗೆ ಬಂದಂತೆ ಬೈದೆ.

ಡಾಕ್ಟರು ಟವಲ್ ಬಿಚ್ಚಿ ನೋಡಿದರು. "ಈ ಬೆರಳು ಇನ್ನು ಉಪಯೋಗಕ್ಕೆ ಬರಲ್ಲ. ತೆಗ್ದುಬಿಡೋಣ," ಎಂದರು. ನನಗೆ ಅಳುವುದಕ್ಕೂ ಶಕ್ತಿ ಇರಲಿಲ್ಲ. ಹೂಂ ಎಂದು ತಲೆಯಾಡಿಸಿದೆ.

ಅವನು ಮುನ್ನುಗ್ಗಿ ಡಾಕ್ಟರ ಮುಂಗೈಯನ್ನೇ ಹಿಡಿದುಕೊಂಡ. ಮೂಗಿನಿಂದ ಇನ್ನೂ ರಕ್ತ ಸೋರುತ್ತಿತ್ತು.

"ಬೇಡಿ ಸರ್, ತೆಗೀಬೇಡಿ. ಉಪಯೋಗ ಇಲ್ದಿದ್ರೂ ಪರ್ವಾಗಿಲ್ಲ, ಇರ್ಲಿ ಸರ್!"

ಆಸ್ಪತ್ರೆಯ ಆಳುಗಳಿಬ್ಬರು ಸೇರಿ ಅವನನ್ನು ಹೊರಗೆ ದಬ್ಬಿ ಬಾಗಿಲು ಹಾಕಿದರು. ಅವನು ಬಾಗಿಲು ಗುದ್ದತೊಡಗಿದ. ಬೆರಳು ತೆಗೆದು ಮುಗಿಯುವವರೆಗೂ ಗುದ್ದುತ್ತಲೇ ಇದ್ದ.