ದಿಬ್ಬದ ಕೆಳಗಿನ ಕವಿತೆ

ಆಷಾಢದ ಗಾಳಿ ಶುರುವಾಯಿತೆಂದರೆ ಉರಿಗಾಂನ ನಮ್ಮ ಮನೆಯ ಕಿಟಕಿಗಳೆಲ್ಲ ಬಂದ್. ಆದರೂ ಸೈನೈಡ್ ದಿಬ್ಬದ ಧೂಳು ಹೇಗೋ ನುಸುಳುತ್ತದೆ. ಚಿನ್ನ ತೆಗೆದ ಮೇಲೆ ಗಣಿಯವರು ಸುರಿದುಹೋದ ಕಲ್ಲಿನ ಹಿಟ್ಟು ಅದು. ಗಣಿ ಮುಚ್ಚಿದರೂ ಅದು ಊರು ಬಿಟ್ಟಿಲ್ಲ. ಇವತ್ತು ಬೆಳಿಗ್ಗೆ ಮೇಜು ಒರೆಸುವಾಗ ಯಶೋದ ನೆನಪಾದಳು.

ಯಶೋದ ನನ್ನ ಕಾಲೇಜಿನ ಗೆಳತಿ. ಇಲ್ಲೇ ಗಣಿಯ ಆಚೆ ಬದಿ, ಕೋರಮಂಡಲ್ ಕಡೆ, ದಿಬ್ಬದ ಕೆಳಗಿನ ಹಳ್ಳಿಗೆ ಸೊಸೆಯಾಗಿ ಹೋದವಳು. ಹಸು ಸಾಕುತ್ತಿದ್ದಳು, ಕವಿತೆ ಬರೆಯುತ್ತಿದ್ದಳು. ನಾನೂ ಬರೆಯುತ್ತಿದ್ದೆ ಅನ್ನಿ. ನನ್ನ ಪರಿಸರ ಕವಿತೆಗಳಲ್ಲಿ ಜಲಪಾತಗಳು ಧುಮ್ಮಿಕ್ಕುತ್ತಿದ್ದವು. ನಾನು ಜಲಪಾತ ಕಂಡಿದ್ದು ಕ್ಯಾಲೆಂಡರಿನಲ್ಲಿ ಮಾತ್ರ.

ಹಲವು ವರ್ಷಗಳ ಹಿಂದೊಮ್ಮೆ ಬಂಗಾರಪೇಟೆಯಲ್ಲಿ ಪರಿಸರ ಕವಿಗೋಷ್ಠಿ ನಡೆಯಿತು. ಯಶೋದ ದಿಬ್ಬದ ಬಗ್ಗೆ ಓದತೊಡಗಿದಳು: ಒಣಹಾಕಿದ ಸೀರೆಯ ಮೇಲೆ, ಕರೆದ ಹಾಲಿನ ಮೇಲೆ ಕೂರುವ ಧೂಳು, ಹುಲ್ಲು ಮೂಸಿ ಬಾಯಿ ಹಾಕದೆ ಬರುವ ಹಸು. ಅರ್ಧದಲ್ಲೇ ಅಧ್ಯಕ್ಷರು ತಡೆದರು.

"ಪ್ರಕೃತಿ ಬಗ್ಗೆ ಏನಾದ್ರೂ ಚೆನ್ನಾಗಿರೋದು ಓದಮ್ಮ. ಇದು ಅರ್ಜಿ ಇದ್ದಂಗಿದೆ."

ಸಭೆ ನಕ್ಕಿತು. ಅವಳು ಇಳಿದು ಬಂದು ನನ್ನ ಪಕ್ಕ ಕುಳಿತಳು. "ಇನ್ನ ಬರಿಯಲ್ಲ ಕಣೇ" ಎಂದಳು.

ಆಗ ಹಿಂದಿನ ಸಾಲಿನಲ್ಲಿ ಅವಳ ಅತ್ತೆ ಎದ್ದು ನಿಂತರು. ಪದ್ಯ ಅಂದರೆ ಕೆಲಸಗೇಡು ಎಂದು ದಿನವೂ ಗೊಣಗುವವರು.

"ಯಾಕ್ ಸಾಮಿ ನಿಲ್ಸಿದ್ರಿ? ನಾವು ಯೋಳ್ಬೇಕು ಅನ್ಕೊಂಡಿದ್ನ ಅವ್ಳು ಯೋಳ್ತವ್ಳೆ. ಓಗೇ ಯಶೋದ, ಪೂರ್ತಿ ಓದು!"

ಓದಿದಳು. ಕವಿತೆಯ ಕೊನೆಯಲ್ಲಿ, ದಿಬ್ಬದ ಬಿರುಕಿನಲ್ಲಿ ಬೇರುಬಿಟ್ಟ ಒಂದು ಹೊಂಗೆ ಗಿಡವಿತ್ತು. ಸಭೆ ಸದ್ದಿಲ್ಲದೆ ಕೇಳಿತು. ಮೊದಲು ಚಪ್ಪಾಳೆ ತಟ್ಟಿದವರು ಆ ಅಧ್ಯಕ್ಷರೇ.

ಮನೆಗೆ ಹೋದ ಮೇಲೆ ಅತ್ತೆಯ ತಕರಾರು ಬೇರೆಯಾಗಿತ್ತಂತೆ. "ಅಲ್ಲಮ್ಮೀ, ಅಷ್ಟು ದೊಡ್ಡ ದಿಬ್ಬಕ್ಕೆ ಒಂದೇ ಗಿಡ ಇಕ್ಕಿದ್ದೀಯಲ್ಲ, ಸಾಕಾ?"

ಮಳೆ ಬಿದ್ದ ಕೂಡಲೇ ಅತ್ತೆಯೇ ಕೇರಿಯ ಹೆಂಗಸರನ್ನು ಕಟ್ಟಿಕೊಂಡು ಹೋಗಿ ದಿಬ್ಬದ ಅಂಚಿನಲ್ಲಿ ಹೊಂಗೆ ಬೀಜ ಊರಿಸಿದರು. ಎಷ್ಟೋ ಒಣಗಿದವು. ಒಣಗಿದ ಕಡೆ ಮತ್ತೆ ಊರಿಸಿದರು. ಧೂಳು ನಿಂತಿಲ್ಲ, ನಿಜ. ಆದರೆ ಆ ಹಳ್ಳಿಯ ಹಸುಗಳು ಈಗ ಮಧ್ಯಾಹ್ನ ಮಲಗುವುದು ಆ ಮರಗಳ ನೆರಳಿನಲ್ಲೇ. ಯಶೋದ ಬರೆಯುವುದನ್ನೂ ಬಿಡಲಿಲ್ಲ.

ಇವತ್ತು ಒರೆಸುವ ಬಟ್ಟೆ ಪಕ್ಕಕ್ಕಿಟ್ಟು ನಾನೂ ಬರೆಯಲು ಕುಳಿತೆ. ನಮ್ಮ ಸಾಲುಮನೆಗಳ ಲೈನಿನ ಸೋರುವ ನಲ್ಲಿಗೆ ನೀರು ಕುಡಿಯಲು ಬಂದು ಜಗಳವಾಡುವ ಗೊರವಂಕಗಳ ಮೇಲೆ ಎಂಟ್ಹತ್ತು ಸಾಲು. ಫೋನು ಮಾಡಿ ಯಶೋದಳಿಗೆ ಓದಿ ಹೇಳಿದೆ. ಅವಳು ನಕ್ಕಳು.

"ಇವಾಗ ಬಂದೆ ನೋಡು, ನಮ್ಮೂರ್ಗೆ!"

ಹುಟ್ಟಿದಾಗಿನಿಂದ ಇಲ್ಲೇ ಇರುವ ನನಗೆ ಆ ಸ್ವಾಗತ ಬಹಳ ಹಿತವಾಯಿತು.