ಯಜಮಾನರ ಕಾರಿಗೆ ದಪ್ಪ ಪೈಪು

ಅವತ್ತು ಬೆಳಿಗ್ಗೆ ಹೊಸನಗರದ ಅಕ್ಕಿ ಗಿರಣಿಯ ಅಂಗಳದಲ್ಲಿ ಇದ್ದವರು ನಾವು ನಾಲ್ಕೇ ಜನ. ಗಿರಣಿಯ ಯಜಮಾನರು, ಗಿರಣಿಯ ಇಂಜಿನ್ ನೋಡಿಕೊಳ್ಳುತ್ತಿದ್ದ ಮುದುಕ, ಗಿರಣಿಯ ಪಕ್ಕದ ಶೆಡ್ಡಿನಲ್ಲಿ ಕಾರು ಲಾರಿ ರಿಪೇರಿ ಮಾಡುತ್ತಿದ್ದ ಮೇಸ್ತ್ರಿ, ಮತ್ತೆ ಯಜಮಾನರ ಕಾರಿನ ಡ್ರೈವರ್ ಆಗಿ ಸೇರಿ ಎರಡು ವರ್ಷವಾಗಿದ್ದ ನಾನು. ನಮ್ಮ ನಡುವೆ ನೆಲದ ಮೇಲೆ ಒಂದು ಕಬ್ಬಿಣದ ಪೈಪು ಬಿದ್ದಿತ್ತು. ಶರಾವತಿಯ ಅಣೆಕಟ್ಟು ಕೆಲಸದ ಹಳೇ ಕಬ್ಬಿಣವೆಲ್ಲ ಸಾಗರದ ಗುಜರಿಗೆ ಬಂದು ಬೀಳುತ್ತಿದ್ದ ಕಾಲ ಅದು. ಹಿಂದಿನ ದಿನ ಅಲ್ಲಿಂದ ಆ ಪೈಪನ್ನು ಕಾರಿನ ತಲೆ ಮೇಲೆ ಕಟ್ಟಿಕೊಂಡು ತಂದವನು ನಾನೇ.

ಯಜಮಾನರ ತಲೆಗೆ ಈ ವಿಚಾರ ಹೊಕ್ಕಿದ್ದು ಗಿರಣಿಯಿಂದ. ಮಳೆಗಾಲದಲ್ಲಿ ಗಿರಣಿಯ ಎಣ್ಣೆ ಇಂಜಿನ್ ಸೊರಗಿತ್ತು, ಭತ್ತ ಹಾಕಿದರೆ ಬೆಲ್ಟು ಎಳೆಯುತ್ತಿರಲಿಲ್ಲ. ಮುದುಕ ಹೊಗೆ ಪೈಪು ಬಿಚ್ಚಿ ನೋಡಿದರೆ ಒಳಗೆಲ್ಲ ಮಸಿ ಕಟ್ಟಿ ಹೆಬ್ಬೆರಳು ತೂರುವಷ್ಟೇ ಜಾಗ ಉಳಿದಿತ್ತು. ಅದನ್ನು ಕಿತ್ತು ದಪ್ಪ ಪೈಪು ಹಾಕಿದ ಮೇಲೆ ಗಿರಣಿ ಹೊಸದರಂತೆ ಓಡಿತು. ಅಂದಿನಿಂದ ಯಜಮಾನರಿಗೆ ತಮ್ಮ ಕಾರಿನ ಹಿಂದಿನ ಸಣ್ಣ ಹೊಗೆ ಪೈಪು ಕಂಡರಾಗುತ್ತಿರಲಿಲ್ಲ.

"ಇಷ್ಟು ದೊಡ್ಡ ಇಂಜಿನ್ನಿಗೆ ಇಷ್ಟು ಸಣ್ಣ ಮೂಗು ಇಟ್ಟಿದಾರೆ. ಅದಕ್ಕೆ ಉಸಿರು ಕಟ್ಟದೆ ಇನ್ನೇನಾಗ್ತದೆ? ಇದನ್ನ ಹಾಕು ಮೇಸ್ತ್ರಿ" ಅಂದರು.

ಮೇಸ್ತ್ರಿ ಪೈಪನ್ನು ಕಾಲಿನಿಂದ ಹೊರಳಿಸಿ ನೋಡಿದ. "ಒಡೆಯ, ಮಿಲ್ಲಿನ ಇಂಜಿನ್ ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಸಮ ಓಡ್ತದೆ. ಕಾರು ಹಾಗಲ್ಲ. ಅದು ತೆವಳಬೇಕು, ಓಡಬೇಕು, ಹತ್ತಬೇಕು. ಅದಲ್ದೆ ಮಿಲ್ಲಿನ ಪೈಪು ಕಟ್ಟಿಹೋಗಿತ್ತು. ಇದು ಕಟ್ಟಿಲ್ಲ."

"ಕಾರು ನಿಂದಾ ನಂದಾ?"

ಮೇಸ್ತ್ರಿ ಬಗ್ಗಿ ಪೈಪಿನ ಒಂದು ತುದಿ ಎತ್ತಿದ. ಕಾರಷ್ಟೇ ಅಲ್ಲ, ಅವನು ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಇದ್ದ ಶೆಡ್ಡೂ ಯಜಮಾನರದೇ. ಮುಂದೆ ರಿಪೇರಿ, ಹಿಂದೆ ಒಲೆ. ಬಾಡಿಗೆ ಇಲ್ಲ, ಬದಲಿಗೆ ಯಜಮಾನರ ಕಾರು ಲಾರಿಯ ಕೆಲಸ ಪುಕ್ಕಟೆ. ಅವರ ಮನಸ್ಸು ಮುರಿದರೆ ಶೆಡ್ಡೂ ಇಲ್ಲ, ಅನ್ನವೂ ಇಲ್ಲ ಅನ್ನುವುದು ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಎರಡು ದಿನದಲ್ಲಿ ಪೈಪು ಹಾಕಿ ಮುಗಿಸಿದ. ನಾನು ಹೋದಾಗ ಹಳೇ ಪೈಪನ್ನು ಎಣ್ಣೆ ಬಟ್ಟೆಯಿಂದ ಒರೆಸಿ ಗೋಡೆಗೆ ಒರಗಿಸಿದ್ದ.

"ಇಲ್ಲಿ ಕೇಳು ತಮ್ಮ. ಮನೇಲಿ ಒಲೆ ಊದೋ ಕೊಳವೆ ಇರ್ತದಲ್ಲ, ಅದ್ರಲ್ಲಿ ಊದಿದ್ರೆ ಉಸಿರು ಹೋಗಿ ಕೆಂಡಕ್ಕೆ ಹೊಡೀತದೆ. ಅದೇ ಉಸಿರನ್ನ ದೊಡ್ಡ ಬಿದಿರಿನ ಅಂಡೆಯಲ್ಲಿ ಊದು, ಬೂದಿಯೂ ಹಾರಲ್ಲ. ಹೊಗೆಯೂ ಹಂಗೇ. ಪೈಪು ಅಳತೆಗೆ ಸರಿ ಇದ್ರೆ ಮುಂದೆ ಹೋದ ಹೊಗೆ ರಭಸದಲ್ಲಿ ಹಿಂದಿನದನ್ನ ಎಳಕೊಂಡು ಹೋಗ್ತದೆ, ಇಂಜಿನ್ ಹೊಟ್ಟೆ ಖಾಲಿಯಾಗ್ತದೆ. ಅತೀ ಸಣ್ಣ ಆದ್ರೆ ಕಟ್ತದೆ, ಅತೀ ದಪ್ಪ ಆದ್ರೆ ಹೊಗೆ ಅಲ್ಲೇ ಮಲಗ್ತದೆ. ಜೋರಾಗಿ ಓಡಿಸುವಾಗ ಗೊತ್ತಾಗಲ್ಲ. ಜನ ತುಂಬಿಸಿ ನಿಧಾನ ಘಾಟಿ ಹತ್ತುವಾಗ ಗೊತ್ತಾಗ್ತದೆ."

ಆಮೇಲೆ ದನಿ ತಗ್ಗಿಸಿ, "ನಾನು ಹೇಳಿದ್ರೆ ಅವರಿಗೆ ಸಿಟ್ಟು. ನೀನು ಹೊತ್ತು ನೋಡಿ ಹೇಳು. ಘಾಟಿಗೆ ಹೋಗೋದಿದ್ರೆ ಹಿಂದಿನ ದಿನ ಗಾಡಿ ಇಲ್ಲಿಗೆ ತಾ. ಅರ್ಧ ದಿನದಲ್ಲಿ ಹಳೇದು ಹಾಕಿಕೊಡ್ತೀನಿ" ಅಂದ.

ಹೇಳ್ತೀನಿ ಅಂದೆ. ಹೇಳಲಿಲ್ಲ. ಯಾಕೆಂದರೆ ಸಾಗರದ ರಸ್ತೆಯಲ್ಲಿ ಕಾರು ಗುಡುಗುತ್ತ ಓಡಿತು. ಅಂಗಡಿಯವರು ಹೊರಗೆ ಬಂದು ನೋಡಿದರು. ಯಜಮಾನರು ಹಿಂದಿನ ಸೀಟಿನಲ್ಲಿ ತೊಡೆ ತಟ್ಟಿಕೊಂಡು, "ಹೆಂಗೆ? ಮೇಸ್ತ್ರಿಗಿಂತ ನಮಗೆ ಕಡಿಮೆ ಗೊತ್ತಾ?" ಅಂದರು. "ಇಲ್ಲ ಒಡೆಯ, ಹಾರ್ತಾ ಇದೆ" ಅಂದೆ. ಒಮ್ಮೆ ಹಾಗೆಂದ ಬಾಯಿಯಲ್ಲಿ ಮತ್ತೆ ಬೇರೆ ಮಾತು ಹೊರಡುವುದು ಕಷ್ಟ.

ತಿಂಗಳೊಪ್ಪತ್ತಿನಲ್ಲಿ ಯಜಮಾನರ ಮಗಳನ್ನು ನೋಡಲು ಘಟ್ಟದ ಕೆಳಗಿನಿಂದ ಗಂಡಿನ ಕಡೆಯವರು ಬರುವುದೆಂದಾಯಿತು. ನಾನು ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿದು ಅವರನ್ನು ಕರೆತರಬೇಕು. ಹಿಂದಿನ ದಿನ ಶೆಡ್ಡಿನ ಮುಂದೆಯೇ ಎರಡು ಸಲ ಹಾದುಹೋದೆ. ಕಾರು ನಿಲ್ಲಿಸಲಿಲ್ಲ.

ಇಳಿಯುವಾಗ ಏನೂ ಆಗಲಿಲ್ಲ. ಹತ್ತುವಾಗ ಗಂಡು, ಅವನ ತಂದೆ, ಸೋದರಮಾವ, ಅಜ್ಜಿ, ಹಣ್ಣಿನ ಬುಟ್ಟಿ. ಮೂರನೇ ತಿರುವಿನಲ್ಲಿ ಮೊದಲ ಗೇರಿನಲ್ಲಿಯೂ ಇಂಜಿನ್ ಬರೀ ಕೂಗಿತು, ಎಳೆಯಲಿಲ್ಲ. ನಿಂತೇ ಹೋಯಿತು. ನಾನು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ. ಅಜ್ಜಿಯೊಬ್ಬರನ್ನೇ ಒಳಗೆ ಬಿಟ್ಟು ಉಳಿದವರು ಇಳಿದರು. ಪ್ರತಿ ತಿರುವಿನಲ್ಲೂ ಅವರು ನೂಕಬೇಕು, ಕಾರು ಸ್ವಲ್ಪ ಹತ್ತಬೇಕು, ಮತ್ತೆ ನಿಲ್ಲಬೇಕು.

ಸೋದರಮಾವ ಬೆವರು ಒರೆಸಿಕೊಳ್ಳುತ್ತ, "ಕಾರು ಕಳಿಸ್ತೇನೆ ಅಂತ ಹೇಳಿದ್ರು ನಿಮ್ಮ ಯಜಮಾನ್ರು. ಅದನ್ನು ವಾಪಸ್ ಮುಟ್ಟಿಸ್ಲಿಕ್ಕೆ ನಾವು ಬರ್ಬೇಕು ಅಂತ ಹೇಳ್ಲಿಲ್ಲ ಮಾರಾಯ್ರೆ" ಅಂದರು. ಆಮೇಲೆ ಅಳಿಯನ ಕಡೆ ತಿರುಗಿ, "ನೂಕು ನೂಕು. ಹೆಣ್ಣು ನೋಡುವ ಮೊದ್ಲೇ ಮಾವನ ಮನೆ ಚಾಕರಿ ಶುರುವಾಯ್ತು ನಿಂದು."

ಮಧ್ಯಾಹ್ನದ ಊಟಕ್ಕೆ ತಲುಪಬೇಕಾದವರು ದೀಪ ಹಚ್ಚುವ ಹೊತ್ತಿಗೆ ತಲುಪಿದೆವು. ಗಂಡಿನ ಬಿಳಿ ಪಂಚೆಯ ತುಂಬ ಕೆಂಪು ಮಣ್ಣು. ಯಜಮಾನರು ಬಾಗಿಲಲ್ಲಿ ಕೈ ಮುಗಿದು ನಿಂತಿದ್ದರು. ಅಷ್ಟು ಬಗ್ಗಿ ನಿಂತಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಮೇಸ್ತ್ರಿಯನ್ನು ಅಂಗಳಕ್ಕೆ ಕರೆಸಿದರು.

"ಹಿಂಗಾಗ್ತದೆ ಅಂತ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಒಡೆಯ."

"ಗೊತ್ತಿದ್ದವನು ಘಾಟಿ ಹತ್ತಲ್ಲ ಅಂತ ಯಾಕೆ ಬಾಯಿ ಬಿಡ್ಲಿಲ್ಲ? ನನ್ನ ಮಾನ ಹೋಗ್ಲಿ ಅಂತ ಕಾದಿದ್ಯಾ?"

"ಘಾಟಿಗೆ ಹೋಗೋ ಮೊದ್ಲು ಗಾಡಿ ತರೋಕೆ ಇವನ ಹತ್ರ ಹೇಳಿ ಕಳಿಸಿದ್ದೆ."

ಯಜಮಾನರು ನನ್ನ ಕಡೆ ನೋಡಿದರು. "ಹೇಳಿದ್ನಾ?"

ಮೇಸ್ತ್ರಿಯೂ ನೋಡಿದ. ಅವನ ಮುಖದಲ್ಲಿ ಆತಂಕ ಇರಲಿಲ್ಲ. ಹೌದು ಅಂತ ನಾನು ಹೇಳುತ್ತೇನೆ ಅನ್ನುವುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ. ಅದನ್ನು ನೆನೆದರೆ ಈಗಲೂ ಊಟ ಸೇರುವುದಿಲ್ಲ.

"ನನಗೆ ನೆನಪಿಲ್ಲ ಒಡೆಯ" ಅಂದೆ.

ಅಲ್ಲೇ ಕೂತು ಕೇಳುತ್ತಿದ್ದ ಇಂಜಿನ್ನಿನ ಮುದುಕ ಗಿರಣಿಯ ಒಳಗೆ ಎದ್ದುಹೋದ. ಮೇಸ್ತ್ರಿ ನನ್ನನ್ನು ಬೈಯಲಿಲ್ಲ, ವಾದಿಸಲಿಲ್ಲ. "ಎಷ್ಟು ದಿನದಲ್ಲಿ ಶೆಡ್ಡು ಖಾಲಿ ಮಾಡ್ಬೇಕು?" ಅಂತ ಮಾತ್ರ ಕೇಳಿದ. ಯಜಮಾನರು ಮೂರು ದಿನ ಅಂದರು.

ಆ ಮೂರರಲ್ಲಿ ಒಂದು ದಿನವನ್ನು ಅವನು ಕಾರಿನ ಕೆಳಗೆ ಕಳೆದ. ಯಾರೂ ಹೇಳಿರಲಿಲ್ಲ. ದಪ್ಪ ಪೈಪು ಬಿಚ್ಚಿ ಹಳೆಯದನ್ನು ಹಾಕಿ, ಕೀಲಿಯನ್ನು ನನ್ನ ಕೈಗೆ ಕೊಡದೆ ಸೀಟಿನ ಮೇಲೆ ಇಟ್ಟು ಹೋದ. ಮೂರನೆಯ ದಿನ ತೀರ್ಥಹಳ್ಳಿಯ ಕಡೆ ಹೋಗುವ ಲಾರಿಯೊಂದರಲ್ಲಿ ಪಾತ್ರೆ, ಹಾಸಿಗೆ, ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ಹೊರಟ. ಅಲ್ಲಿ ಯಾರದೋ ಲಾರಿ ಶೆಡ್ಡಿನಲ್ಲಿ ಕೂಲಿಗೆ ಸೇರಿದನಂತೆ ಅಂತ ಆಮೇಲೆ ಕೇಳಿದೆ. ತನ್ನ ಕೈಕೆಳಗೆ ಕಲಿತವರ ವಯಸ್ಸಿನ ಯಜಮಾನ ಅಲ್ಲಿ ಅವನಿಗೆ.

ಹೆಣ್ಣು ಒಪ್ಪಿಗೆಯಾಗಿತ್ತು. ಗಂಡಿನ ಕಡೆಯವರು ಘಾಟಿಯ ಕಥೆಯನ್ನು ನಗುನಗುತ್ತಲೇ ಹೇಳಿಕೊಂಡು ಹೋಗಿದ್ದರು. ಆ ಬೇಸಗೆಯಲ್ಲಿ ಮದುವೆ ನಡೆಯಿತು. ದಿಬ್ಬಣದ ಹಿರಿಯರನ್ನು ನಾನು ಎರಡು ಸಲ ಘಾಟಿ ಹತ್ತಿಸಿ ತಂದೆ. ಕಾರು ಒಂದು ತಿರುವಿನಲ್ಲೂ ನಿಲ್ಲಲಿಲ್ಲ. ಊಟದ ಪಂಕ್ತಿಯಲ್ಲಿ ಆ ಸೋದರಮಾವ, ಡ್ರೈವರ್ ಈಗ ಕೆಲಸ ಕಲಿತಿದ್ದಾನೆ ಅಂತ ಎಲ್ಲರಿಗೂ ಕೇಳುವ ಹಾಗೆ ಹೊಗಳಿದರು. ಯಜಮಾನರು ನನ್ನನ್ನು ಕರೆದು ಒಂದು ಜೊತೆ ಜರಿ ಅಂಚಿನ ಪಂಚೆ ಕೊಟ್ಟರು. ನಾನು ಅದನ್ನು ಎರಡೂ ಕೈ ಒಡ್ಡಿ ತೆಗೆದುಕೊಂಡು, ಅವರ ಕಾಲಿಗೆ ನಮಸ್ಕಾರ ಮಾಡಿದೆ.